ಕೊಸರಿಗೆ ಬಂದ ಕಾಡಿನ ಪುಸ್ತಕ

“ಉಸ್ತಾದರೇ, ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾಷ್ಟ್ರೀಯ ಉದ್ಯಾನ ನೋಡಲು ಹೊರಟಿದ್ದೇನೆ. ಅಂಗಡಿಯಲ್ಲಿ ಕಾಡಿನ ಕೈಪಿಡಿಗಳು ರಾಶಿ ಬಿದ್ದಿವೆ. ಯಾವುದನ್ನು ಕೊಳ್ಳಲಿ?”

ಹೀಗೆ ಕೇಳಿದವನು ನನ್ನ ಶಿಷ್ಯ ಮಂಚಯ್ಯ. ಕೇಳಿದ್ದು ಗರಡಿಯಲ್ಲಿ, ಮೈಗೆ ಕುಸ್ತಿಮಟ್ಟಿಯ ಮಣ್ಣು ಮೆತ್ತಿಕೊಂಡಿದ್ದಾಗ. ನನಗೆ ಓದು ಬರಹ ಬರುವುದಿಲ್ಲ. ಆದರೂ ಪುಸ್ತಕದ ಮಾತಿಗೆ ಅವನು ನನ್ನ ಹತ್ತಿರ ಬಂದದ್ದು ಸರಿಯಾಗಿಯೇ ಇತ್ತು. ಈ ಸೀಮೆಯ ಪೈಲ್ವಾನರನ್ನೆಲ್ಲ ಒಂದು ಕಾಲದಲ್ಲಿ ಅಂಗಾತ ಮಲಗಿಸಿದವನು ನಾನು. ಅವರಲ್ಲಿ ಓದಿದವರೂ ಇದ್ದರು. ಬೆನ್ನು ಮಣ್ಣಿಗೆ ತಗುಲಿದಾಗ ಎಲ್ಲರ ಬಾಯಿಂದಲೂ ಬಂದದ್ದು ‘ಅಮ್ಮಾ’ ಎಂಬ ಒಂದೇ ಪಾಠ.

“ನಿನ್ನ ಮನಸ್ಸು ಯಾವುದರ ಮೇಲಿದೆ?” ಎಂದೆ.

“ಒಂದು ದಪ್ಪನೆಯದು ಇದೆ. ಹೊದಿಕೆಯ ಮೇಲೆ ಹುಲಿ ಹಲ್ಲು ಕಿರಿದಿದೆ. ಎಲ್ಲೆಲ್ಲಿ ಹೋದರೆ ಏನೇನು ಕಾಣುತ್ತದೆ ಎಂದು ಬರೆದಿದ್ದಾರೆ. ಅದರ ಪಕ್ಕದಲ್ಲಿ ಒಂದು ಬಡಕಲು ಪುಸ್ತಕವೂ ಇತ್ತು. ತೆರೆದು ನೋಡಿದೆ. ಇಲ್ಲಿ ಇಳಿಯಬೇಡಿ, ಅಲ್ಲಿ ನಿಲ್ಲಬೇಡಿ, ಬರೀ ಇದೇ. ಮುಚ್ಚಿಟ್ಟೆ.”

“ಹುಲಿ ಹಲ್ಲು ಕಿರಿಯಿತೆಂದು ಹತ್ತಿರ ಹೋಗುವವನು ನೀನೊಬ್ಬನೇ. ಕೂರು, ಹೇಳುತ್ತೇನೆ.”

ಅವನು ಕೂತ. ನಾನು ಹೇಳಿದೆ.

ಒಬ್ಬ ವರ್ತಕನಿದ್ದ. ಕಂಚಿನ ಪಾತ್ರೆಯ ವ್ಯಾಪಾರ. ಅವನಿಗೆ ಒಬ್ಬಳು ಮುದಿ ತಾಯಿ. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ದೂರದ್ದೆಲ್ಲ ಆಗಲೇ ಮಂಜಾಗಿತ್ತು. ಹತ್ತಿರದ್ದು ಮಾತ್ರ ಕಾಣುತ್ತಿತ್ತು, ಅದೂ ಬರಬರುತ್ತ ಕಡಿಮೆ. ಪಂಡಿತ ಬಂದು ರೆಪ್ಪೆ ಎತ್ತಿ ನೋಡಿ, ಬೇಸಿಗೆಯ ಹೊತ್ತಿಗೆ ಪೂರ್ತಿ ಕತ್ತಲು ಎಂದು ಹೇಳಿ ಹೋದ.

ತಾಯಿ ಅಳಲಿಲ್ಲ. ಮಗನನ್ನು ಕರೆದಳು.

“ಕೇಳೋ. ದೇವರನ್ನು ನೋಡಿದೆ. ನೆಂಟರನ್ನು ನೋಡಿದೆ. ನಿನ್ನ ಮುಖವನ್ನಂತೂ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ನೋಡಿದೆ. ಕಾಡಾನೆ ಈಜುವುದನ್ನು ನೋಡಿಲ್ಲ. ಅದೊಂದನ್ನು ತೋರಿಸಿಬಿಡು. ಆಮೇಲೆ ಕಣ್ಣು ಹೋಗುವುದಾದರೆ ಹೋಗಲಿ.”

ಆ ನಾಡಿನ ದೊರೆ ಒಂದು ಕಾಡನ್ನು ಕಾಪಾಡಿಕೊಂಡು ಬಂದಿದ್ದ. ಅಲ್ಲಿ ಬಿಲ್ಲು ಕೊಡಲಿ ಒಯ್ಯುವಂತಿರಲಿಲ್ಲ. ಬರಿಗೈಯಲ್ಲಿ ಹೋಗಿ ನೋಡಿ ಬರಬಹುದು. ನೀನು ಹೊರಟಿರುವ ಉದ್ಯಾನದ ಮುತ್ತಜ್ಜ ಅದು. ಅಲ್ಲಿಯ ಮರಗಳು ಎಷ್ಟು ಎತ್ತರವೆಂದರೆ, ತುದಿಯಲ್ಲಿ ಕೂತ ಮರಿಕೋತಿ ಕೈಜಾರಿ ಬಿದ್ದರೆ ನೆಲ ಮುಟ್ಟುವಷ್ಟರಲ್ಲಿ ಮುದಿಯಾಗಿರುತ್ತಿತ್ತು.

ಮಂಚಯ್ಯ ನಕ್ಕ.

“ನಗಬೇಡ. ಅದರ ಬಿಳಿಗಡ್ಡವನ್ನು ನಾನೇ ಕಂಡಿದ್ದೇನೆ,” ಎಂದು ಮುಂದುವರಿಸಿದೆ.

ವರ್ತಕ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಪೇಟೆಗೆ ಬಂದ. ಕಾಡಿನ ದಾರಿ ಹೇಳುವ ಪುಸ್ತಕ ಬೇಕೆಂದು ಅಂಗಡಿಯವನನ್ನು ಕೇಳಿದ. ಅಂಗಡಿಯವನು ಎರಡು ಕೈಯಲ್ಲಿ ಎತ್ತುವಂಥ ಒಂದು ಪುಸ್ತಕ ತಂದಿಟ್ಟ. ಪುಟಪುಟದಲ್ಲೂ ಬನ್ನಿ, ಹೋಗಿ, ನೋಡಿ ಎಂಬ ಮಾತು. ಈ ಹಾದಿ ಹಿಡಿಯಿರಿ, ಕೊಳದ ಆನೆಗಳನ್ನು ಕೈಗೆ ಸಿಗುವಷ್ಟು ಹತ್ತಿರದಿಂದ ಕಾಣಿರಿ ಎಂದು ಒಂದು ಕಡೆ ಇತ್ತು. ಹತ್ತಿರ ಎಂಬ ಮಾತು ಓದಿದ ಮೇಲೆ ವರ್ತಕ ಚೌಕಾಸಿ ಕೂಡ ಮಾಡಲಿಲ್ಲ.

ಚೌಕಾಸಿ ಇಲ್ಲದ ವ್ಯಾಪಾರ ತಾಯಿಗೆ ಹಿಡಿಸಲಿಲ್ಲ. ಗಾಡಿಯಿಂದಲೇ ಕೂಗಿದಳು: “ಏನಯ್ಯಾ, ಇಷ್ಟು ದೊಡ್ಡದನ್ನು ಕೊಂಡಿದ್ದೇವೆ. ಕೊಸರೆಲ್ಲಿ?”

“ಅಜ್ಜೀ, ಪುಸ್ತಕಕ್ಕೆ ಎಲ್ಲಾದರೂ ಕೊಸರುಂಟೇ? ಇದೇನು ಸೊಪ್ಪಿನ ಅಂಗಡಿಯೇ?”

“ಸೊಪ್ಪಿನವಳಿಗಿರುವ ಧಾರಾಳ ನಿನಗಿಲ್ಲ ಅನ್ನು.”

ಸುತ್ತ ನಿಂತವರು ನಕ್ಕರು. ಅಂಗಡಿಯವನಿಗೆ ಅವಮಾನವಾಯಿತು. ಹಲಗೆಯ ಕಾಲು ಅಲುಗಬಾರದೆಂದು ಕೆಳಗೆ ತುರುಕಿದ್ದ ಒಂದು ತೆಳ್ಳನೆಯ ಪುಸ್ತಕವನ್ನು ಎಳೆದು ಅವಳ ಮಡಿಲಿಗೆ ಹಾಕಿದ.

“ತಗೋ. ಇದೂ ಕಾಡಿನದೇ. ಯಾರೂ ಕೊಳ್ಳುವುದಿಲ್ಲ. ಮೊದಲಿನಿಂದ ಕೊನೆಯವರೆಗೂ ಬೇಡ, ಬೇಡ ಎಂದೇ ಬರೆದಿದ್ದಾನೆ ಪುಣ್ಯಾತ್ಮ.”

“ನಮ್ಮತ್ತೆಯ ಹಾಗೆ,” ಎಂದಳು ತಾಯಿ. “ಇರಲಿ ಕೊಡು. ಅವಳು ಹೋದ ಮೇಲೆ ಮನೆಯಲ್ಲಿ ಬೈಯುವವರೇ ಇಲ್ಲ.”

ಗಾಡಿ ಕಾಡು ಹೊಕ್ಕಿತು. ಮಗನ ತೊಡೆಯ ಮೇಲೆ ದೊಡ್ಡ ಪುಸ್ತಕ. ತಾಯಿಯ ಮಡಿಲಲ್ಲಿ ಕೊಸರು. ಸ್ವಲ್ಪ ದೂರ ಹೋದ ಮೇಲೆ ದಾರಿ ಎರಡಾಯಿತು. ಎಡದ ದಾರಿ ಒಂದು ದಿಬ್ಬ ಹತ್ತುತ್ತಿತ್ತು. ಬಲದ ದಾರಿ ಕೊಳದ ಕಡೆಗೆ ಇಳಿಯುತ್ತಿತ್ತು. ಬಲದ ದಾರಿಗೆ ಅಡ್ಡಲಾಗಿ ಯಾರೋ ಹಸಿ ಸೊಪ್ಪಿನ ಕೊಂಬೆ ಇಟ್ಟು, ಹಾರಿಹೋಗದಂತೆ ಮೇಲೊಂದು ಕಲ್ಲು ಹೇರಿದ್ದರು.

ವರ್ತಕ ಪೇಟೆಯಲ್ಲಿ ಬೆಳೆದವನು. ಹೊಸ ಸರಕು ಬಂದ ದಿನ ಅಂಗಡಿಯ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುವವನು. ದೊಡ್ಡ ಮನುಷ್ಯರು ಬರುವ ಬೀದಿಯಲ್ಲಿ ಸೊಪ್ಪು ಹಾಸುವುದನ್ನೂ ಕಂಡವನು. ಹಸಿರು ಸೊಪ್ಪು ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಅರ್ಥ.

“ನೋಡಮ್ಮಾ, ನಾವು ಬರುತ್ತೇವೆಂದು ಕಾಡಿನವರು ಸೊಪ್ಪು ಹಾಸಿದ್ದಾರೆ.”

“ನಿನಗೆ ಸೊಪ್ಪು ಹಾಸುವುದಕ್ಕೆ ನೀನು ಯಾವ ಪಾಳೇಗಾರನೋ? ಈ ಕೊಸರಿನಲ್ಲಿ ಏನಿದೆ ಅಂತ ಒಂದು ಸಲ ಓದು.”

“ಅದನ್ನು ಓದಿದರೆ ಮನೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗಬೇಕಾಗುತ್ತದೆ. ಸುಮ್ಮನಿರಮ್ಮಾ,” ಎಂದು ಎತ್ತುಗಳನ್ನು ಹೊಡೆದ. ಗಾಡಿಯ ಚಕ್ರ ಸೊಪ್ಪನ್ನು ಅರೆದುಕೊಂಡು ಮುಂದೆ ಹೋಯಿತು.

ಕೊಳ ಸಿಕ್ಕಿತು. ಸಿಗುವ ಮುಂಚೆ ಅದರ ಕೆಸರು ಸಿಕ್ಕಿತು. ಚಕ್ರ ಅಚ್ಚಿನವರೆಗೆ ಹೂತುಕೊಂಡಿತು. ಎತ್ತುಗಳು ಎಳೆದವು, ಎಳೆದಷ್ಟೂ ಹೂತಿತು. ಹೊತ್ತು ಇಳಿಯತೊಡಗಿತು. ಆಗ ಆಚೆಯ ಬಿದಿರುಮೆಳೆ ಅಲುಗಿತು.

ಬಂದದ್ದು ಆನೆಗಳ ಹಿಂಡು. ಮುಂದೆ ಒಂದು ಸಲಗ. ಸಲಗವೆಂದರೆ ಎಂಥ ಸಲಗ! ಅದು ಒಂದು ಸಲ ಕಿವಿ ಬೀಸಿದರೆ ಪಕ್ಕದ ಊರಿನವರು ಕಣದಲ್ಲಿ ರಾಗಿ ತೂರಿಕೊಳ್ಳುತ್ತಿದ್ದರು. ನಾನು ಸುಳ್ಳು ಹೇಳುವವನಲ್ಲ. ಅದರ ಮೊಮ್ಮಗನ ಸೊಂಡಿಲು ಹಿಡಿದು ಜಗ್ಗಾಡಿದವನು ನಾನು. ಯಾರು ಗೆದ್ದರೆಂದು ನೀನು ಕೇಳಬೇಡ, ಆನೆಗೆ ಬೇಸರವಾಗುತ್ತದೆ.

ವರ್ತಕ ಗಡಬಡಿಸಿ ದೊಡ್ಡ ಪುಸ್ತಕ ತೆರೆದ. ಕೊಳದ ಪುಟ ಸಿಕ್ಕಿತು. ‘ಇಲ್ಲಿ ಆನೆಗಳ ಜಲಕ್ರೀಡೆ ನೋಡಿ ಆನಂದಿಸಿರಿ’ ಎಂದಿತ್ತು. ಪುಟ ತಿರುವಿದ. ಮುಂದಿನ ಪುಟದಲ್ಲಿ ನವಿಲಿನ ಸಮಾಚಾರ ಶುರುವಾಗಿತ್ತು.

“ಅಮ್ಮಾ, ಓಡೋಣ!”

“ನನಗೆ ಓಡುವ ಕಾಲಿದ್ದಿದ್ದರೆ ನಿನ್ನ ಗಾಡಿ ಯಾಕೆ ಹತ್ತುತ್ತಿದ್ದೆ? ಇದನ್ನು ಓದು.”

ಮಗ ಕೊಸರನ್ನು ತೆಗೆದುಕೊಂಡ. ಪುಟ ಹುಡುಕುವ ಕಷ್ಟವಿರಲಿಲ್ಲ. ಆನೆಯ ಮಾತು ಮೊದಲ ಪುಟದಲ್ಲೇ ಇತ್ತು. ಓದಿದ.

“‘ಮುಂದೆ ಹೋದವರು ಹಿಂದೆ ಬರುವವರಿಗೆಂದು ಕೆಟ್ಟ ದಾರಿಗೆ ಹಸಿ ಸೊಪ್ಪು ಅಡ್ಡ ಇಡುತ್ತಾರೆ. ಅದನ್ನು ದಾಟಬೇಡ.’”

“ಅದು ಆಯಿತಲ್ಲ. ಮುಂದೆ?”

“‘ದಾಟಿ ಹೋಗಿದ್ದರೆ, ಆನೆ ಕಂಡಾಗ ಓಡಬೇಡ.’”

“ಆಯಿತು. ಮುಂದೆ?”

“‘ಕೂಗಬೇಡ’!”

“ಅದನ್ನೇ ಯಾಕೋ ಕೂಗುತ್ತೀ? ಮೆಲ್ಲಗೆ ಓದು.”

ಮಗ ಪಿಸುಗುಟ್ಟಿದ. “‘ಕಲ್ಲು ಎಸೆಯಬೇಡ. ಬೆಂಕಿ ಹಚ್ಚಬೇಡ. ಗಾಳಿ ಆನೆಯ ಕಡೆಯಿಂದ ನಿನ್ನ ಕಡೆಗೆ ಬೀಸುತ್ತಿದ್ದರೆ ಇದ್ದ ಜಾಗ ಬಿಡಬೇಡ. ಅದರ ಮತ್ತು ಮರಿಯ ನಡುವೆ ಹೋಗಬೇಡ.’ ಅಷ್ಟೇ ಅಮ್ಮಾ. ಏನು ಮಾಡಬೇಕೆಂದು ಬರೆದೇ ಇಲ್ಲ!”

ತಾಯಿ ಕೆನ್ನೆಯನ್ನು ಗಾಳಿಗೊಡ್ಡಿ ನೋಡಿದಳು. ಗಾಳಿ ಆನೆಗಳ ಕಡೆಯಿಂದ ಬರುತ್ತಿತ್ತು.

“ಇಷ್ಟೆಲ್ಲ ಬೇಡ ಎಂದ ಮೇಲೆ ಉಳಿದದ್ದು ತೆಪ್ಪಗಿರುವುದು. ಅದನ್ನೂ ಬರೆಯಬೇಕೇನೋ? ಎತ್ತಿನ ಗಂಟೆಗೆ ಬಟ್ಟೆ ತುರುಕಿ ಬಂದು ಕೂರು.”

ಮಗ ಶಲ್ಯ ಹರಿದು ಗಂಟೆಗಳಿಗೆ ತುರುಕಿದ. ತಾಯಿಯ ಪಕ್ಕದಲ್ಲಿ ಬಂದು ಕೂತ. ಹುಟ್ಟಿದಾಗಿನಿಂದ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ಹಿಂಡು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಗಾಡಿಯನ್ನು ಬಳಸಿಕೊಂಡು, ಅದೊಂದು ಬಂಡೆಯೋ ಎಂಬಂತೆ, ನೀರಿಗೆ ಇಳಿಯಿತು. ಮುದುಕಿಗೆ ಈಗ ಎಲ್ಲವೂ ಕಂಡಿತು. ದೊಡ್ಡ ಆನೆ ಮುಳುಗಿ ಬರಿಯ ಸೊಂಡಿಲನ್ನು ಮೇಲಿಟ್ಟುಕೊಂಡು ಈಜಿದ್ದು ಕಂಡಿತು. ಈಜಲು ಹೆದರಿದ ಮರಿಯನ್ನು ಅದರ ಅವ್ವ ಹಣೆಯಿಂದ ನೀರಿಗೆ ತಳ್ಳಿದ್ದು ಕಂಡಿತು. ಮರಿಯ ರೆಪ್ಪೆಗೂದಲಿನ ಹನಿಯೂ ಕಂಡಿತು. ಅವಳು ಮಗನ ಕೈಯನ್ನು ಒಂದೇ ಸಮನೆ ಹಿಸುಕಿದಳು. ಆ ಕೈ ವಾರವೆಲ್ಲ ನೀಲಿಗಟ್ಟಿತ್ತು ಎನ್ನುತ್ತಾರೆ.

ಹಿಂಡು ನೀರಿನಿಂದ ಮೇಲೆ ಬಂತು. ಮರಿಗಳು, ತಾಯಂದಿರು ಗಾಡಿಯನ್ನು ಬಳಸಿಕೊಂಡೇ ಹೋದವು. ಸಲಗ ಮಾತ್ರ ನಿಂತಿತು. ಗಾಡಿ ಅದರ ಹಾದಿಗೆ ಅಡ್ಡ ಇತ್ತು. ದೊಡ್ಡವರು ಎರಡೆರಡು ಸಲ ಬಳಸಿಕೊಂಡು ಹೋಗುವ ಜಾತಿಯಲ್ಲ. ಅದು ವರ್ತಕನನ್ನು ನೋಡಿತು. ವರ್ತಕ ಕಣ್ಣು ಮುಚ್ಚಿದ. ಮುದುಕಿ ಮುಚ್ಚಲಿಲ್ಲ. ಅವಳ ಹತ್ತಿರ ಮುಚ್ಚಿ ಕಳೆಯುವಷ್ಟು ಕಣ್ಣಿರಲಿಲ್ಲ.

ಸಲಗ ಸೊಂಡಿಲನ್ನು ಗಾಡಿಯ ಅಡಿಗೆ ಹಾಕಿತು. ಎತ್ತು, ನೊಗ, ಚಕ್ರ, ಮುದುಕಿ, ಮಗ, ದೊಡ್ಡ ಪುಸ್ತಕ, ಎಲ್ಲವನ್ನೂ ಸೇರಿಸಿ ನಮ್ಮ ಹೆಂಗಸರು ಮೊರ ಎತ್ತಿ ಪಕ್ಕಕ್ಕಿಡುವಂತೆ ಎತ್ತಿ ಗಟ್ಟಿ ನೆಲದ ಮೇಲೆ ಇಟ್ಟಿತು. ಒಂದು ಎತ್ತಿಗೂ ತರಚಲಿಲ್ಲ. ಅನಂತರ ತನ್ನ ಪಾಡಿಗೆ ಹೋಯಿತು.

“ಮುಗಿಯಿತೇ ಅಮ್ಮಾ?” ಎಂದ ಮಗ, ಕಣ್ಣು ತೆರೆಯದೆ.

“ಮುಗಿಯಿತು. ಎಲ್ಲವನ್ನೂ ನೋಡಿದೆ. ನಿನ್ನ ಪಾಲಿನದನ್ನೂ ನಾನೇ ನೋಡಿದೆ. ಹೊಡಿ ಗಾಡಿ.”

ಗಾಡಿ ಊರು ಸೇರಿದ್ದು ಮರುದಿನ, ಪೇಟೆ ತುಂಬಿದ್ದ ಹೊತ್ತಿನಲ್ಲಿ. ಚಕ್ರದಲ್ಲಿ ಕೊಳದ ಕೆಸರು. ಗಾಡಿಯ ಮೂಕಿಮರದ ಮೇಲೆ ಸೊಂಡಿಲಿನ ಅಚ್ಚು. ಮುದುಕಿ ಗಾಡಿಯ ಮೇಲೆ ಎದ್ದು ನಿಂತಳು. ಮಗ ಬೇಡವೆಂದರೂ ಕೇಳಲಿಲ್ಲ.

“ದಾರಿ ಬಿಡ್ರೋ! ಆನೆ ಎತ್ತಿ ಇಳಿಸಿದ ಗಾಡಿ ಬರುತ್ತಿದೆ!”

ಪೇಟೆಗೆ ಪೇಟೆಯೇ ದಾರಿ ಬಿಟ್ಟಿತು. ವಾದ್ಯದವರು ಕರೆಯದೆಯೇ ಬಂದು ಬಾರಿಸಿದರು. ಮಕ್ಕಳು ಕೆಸರನ್ನು ಮುಟ್ಟಿ ಮುಟ್ಟಿ ಹಣೆಗೆ ಇಟ್ಟುಕೊಂಡವು. ಆ ಕೆಸರನ್ನು ತೊಳೆಯಲು ಮುದುಕಿ ಬಿಡಲಿಲ್ಲ. ವರ್ತಕನೂ ಎದೆ ಸೆಟೆಸಿಕೊಂಡು ಕೂತಿದ್ದ. ಅವನು ಕಣ್ಣು ಮುಚ್ಚಿದ್ದನ್ನು ತಾಯಿ ಯಾರಿಗೂ ಹೇಳಲಿಲ್ಲ.

ಬೇಸಿಗೆಯ ಹೊತ್ತಿಗೆ ಪಂಡಿತ ಹೇಳಿದಂತೆಯೇ ಆಯಿತು. ಮುದುಕಿ ಮಾತ್ರ ಸೋಲಲಿಲ್ಲ. ಜಗಲಿಯ ಮೇಲೆ ಯಾರಾದರೂ ಆನೆಯ ಸುದ್ದಿ ತೆಗೆದರೆ ಒಳಗಿನಿಂದ ಗದರುತ್ತಿದ್ದಳು. “ಸುಮ್ಮನಿರಯ್ಯಾ. ನೀನು ಕಣ್ಣಿದ್ದೂ ನೋಡಿಲ್ಲ. ನಾನು ಹೇಳುತ್ತೇನೆ, ಕೇಳು.” ಊರು ಕೂತು ಕೇಳುತ್ತಿತ್ತು. ಅವಳು ಹೇಳಿದಷ್ಟು ಚೆನ್ನಾಗಿ ಆನೆಯ ಕತೆ ಹೇಳಿದವರು ಈ ಭೂಮಿಯ ಮೇಲೆ ಇನ್ನೊಬ್ಬರು ಮಾತ್ರ ಇದ್ದಾರೆ. ಅವರ ಎದುರಿಗೆ ನೀನು ಕೂತಿದ್ದೀಯ.

ಕತೆ ಮುಗಿಸಿದೆ. ಮಂಚಯ್ಯ ಮೈಯ ಮಣ್ಣು ಉದುರಿಸಿಕೊಳ್ಳುತ್ತ ಯೋಚಿಸಿದ. ಅವನು ಯೋಚಿಸುವಾಗ ತೋಳಿನ ಮಾಂಸ ಕುಣಿಯುತ್ತದೆ. ಅದು ಕುಣಿಯಿತೆಂದರೆ ಪಟ್ಟು ಬರಲಿದೆ ಎಂದು ಅರ್ಥ.

“ಉಸ್ತಾದರೇ, ತಪ್ಪು ತಿಳಿಯಬೇಡಿ. ವರ್ತಕ ಆ ಸೊಪ್ಪು ದಾಟದೆ ದಿಬ್ಬದ ಮೇಲೆ ಹೋಗಿದ್ದರೆ ಅಷ್ಟು ದೂರದಿಂದ ಮುದುಕಿಗೆ ಮಂಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಂದಮೇಲೆ ಅವಳಿಗೆ ಆನೆ ತೋರಿಸಿದ್ದು ದೊಡ್ಡ ಪುಸ್ತಕವೇ ತಾನೆ? ನಾನು ಹುಲಿಯದ್ದನ್ನೇ ಕೊಂಡರೆ ತಪ್ಪೇನು?”

ಪಟ್ಟು ಚೆನ್ನಾಗಿತ್ತು. ಕಲಿಸಿದವನು ನಾನಲ್ಲವೇ! ಆದರೆ ನನಗೆ ಪಟ್ಟು ಹಾಕಿ ನಿಂತೇ ಇದ್ದವನು ಇನ್ನೂ ಹುಟ್ಟಿಲ್ಲ.

“ಆನೆಯನ್ನು ಅದೇ ತೋರಿಸಿತು ಕಣೋ, ಆದರೆ ಆ ಮುದುಕಿ ಮನೆಗೆ ಬಂದು ಸೇರಬೇಕು ಎಂದು ನೆನೆದು ಬರೆದವನು ಇನ್ನೊಬ್ಬ, ಆ ಕೊಸರಿನ ಪುಣ್ಯಾತ್ಮ.”