ಒರೆಗಲ್ಲಿಗೆ ಹಚ್ಚಿದ ರೂಪಾಯಿ

ಗದಗಿನ ಸರಾಫ ಬಜಾರಿನಲ್ಲಿ ಮೌನೇಶಪ್ಪ ಎಂಬ ಪತ್ತಾರನಿದ್ದ. ಬಂಗಾರದ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಅಂಗಡಿ ಮಾತ್ರ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ನಿಂತರೆ ತಲೆ ತಾಗುತ್ತಿತ್ತು, ಆದ್ದರಿಂದ ಅವನು ನಿಲ್ಲುವುದನ್ನೇ ಬಿಟ್ಟಿದ್ದ. ಗಿರಾಕಿಗಳು ಬಗ್ಗಿ ಒಳಗೆ ಬರುತ್ತಿದ್ದರು. ಬಗ್ಗಿದ್ದನ್ನು ನಮಸ್ಕಾರವೆಂದು ತಿಳಿದು ಅವನೂ ಕೈ ಮುಗಿಯುತ್ತಿದ್ದ. ಬಜಾರಿನವರು ಹೀಗೆ ಹೇಳುತ್ತಾರೆ. ನಾನೂ ಸ್ವಲ್ಪ ಸೇರಿಸಿರಬಹುದು.

ಎದುರಿಗೆ, ಬೀದಿಗೆ ಬಾಗಿಲಿದ್ದ ಒಂದು ಒಳ್ಳೆಯ ಅಂಗಡಿ ಖಾಲಿ ಬಿದ್ದಿತ್ತು. ಅದರ ಒಡೆಯ ಅಂದಾನೆಪ್ಪ ಸಾವಕಾರ. ಬಾಡಿಗೆಗೆ ಕೇಳಿದವರಿಗೆಲ್ಲ ಅವನು ಇಲ್ಲ ಎನ್ನುತ್ತಿದ್ದ. ಮೌನೇಶಪ್ಪನಿಗೂ ಇಲ್ಲವೆಂದೇ ಹೇಳಿದ್ದ. ಆ ಅಂಗಡಿಯಲ್ಲಿ ನೆಟ್ಟಗೆ ನಿಂತು ವ್ಯಾಪಾರ ಮಾಡಬೇಕು ಎಂಬುದೊಂದೇ ಪತ್ತಾರನ ಆಸೆ.

ಸಾವಕಾರನಿಗೆ ಒಂದು ಹುಚ್ಚಿತ್ತು. ಟಂಕಸಾಲೆಯಲ್ಲಿ ಅಚ್ಚು ತಪ್ಪಿ ಹೊರಬಂದ ನಾಣ್ಯಗಳನ್ನು ಕೂಡಿಡುವುದು. ಸರಿಯಾದ ರೂಪಾಯಿ ಬೀದಿಯಲ್ಲಿ ಬಿದ್ದಿದ್ದರೆ ಅವನು ದಾಟಿಕೊಂಡು ಹೋಗುತ್ತಿದ್ದ.

ಒಂದು ದಿನ ಮೌನೇಶಪ್ಪನ ಹೆಂಡತಿ ಕಾಳವ್ವ ಬಸ್ಸಿಳಿದು ಬಂದವಳು ಚಿಲ್ಲರೆಯನ್ನು ಗಂಡನ ಮುಂದೆ ಸುರಿದಳು.

"ನೋಡ್ರಿ, ಕಂಡಕ್ಟರ್ ಎಂಥಾ ರೂಪಾಯಿ ಕೊಟ್ಟಾನ. ಇದರಾಗಿನ ಸಿಂಹ ಅರ್ಧಾ ಎಲ್ಲೋ ಓಡಿಹೋಗ್ಯಾವು."

ನಿಜ. ಮುದ್ರೆ ಒಂದು ಬದಿಗೆ ಸರಿದಿತ್ತು. ಉಳಿದ ಭಾಗ ಬೋಳು. ಮೌನೇಶಪ್ಪ ಅದನ್ನು ಹಿಡಿದು ಸಾವಕಾರನ ಮನೆಗೆ ಓಡಿದ. ಸಾವಕಾರ ನಾಣ್ಯದ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದ. ಭೂತಗನ್ನಡಿಯಲ್ಲಿ ನೋಡಿದ, ತಿರುಗಿಸಿ ನೋಡಿದ, ಒಂದು ಒಳ್ಳೆಯ ರೂಪಾಯಿಯ ಎದುರಿಗಿಟ್ಟು ತೂಗಿದ.

"ಖರೇ ಐತಿ ಪತ್ತಾರ್ರ," ಅಂದ. "ಹಿಂದಿನ ಅಚ್ಚು, ಮುಂದಿನ ಅಚ್ಚು ಎರಡೂ ಒಂದs ಕಡೆ ಸರದಾವು. ತೂಕಾನೂ ಸರಿ ಐತಿ. ಅಂಗಡಿ ಕೀಲಿ ಧಾರವಾಡದಾಗ ನನ್ನ ತಮ್ಮನ ಹತ್ರ ಐತಿ. ಐತವಾರ ತರ್ತೀನಿ. ನೀವು ಇದನ್ನ ಕೊಡ್ರಿ, ನಾ ಕೀಲಿ ಕೊಡ್ತೀನಿ. ಬಾಡಿಗಿ ಎಲ್ಲಾರು ಕೊಡೋವಷ್ಟs ಕೊಟ್ರ ಸಾಕು. ಅಲ್ಲೀತನಕ ಮಾತ್ರ ಹೆಂಗ ಐತೋ ಹಂಗ ಇಟ್ಟಿರ್ರಿ."

ಒಂದು ರೂಪಾಯಿಗೆ ಅಂಥ ಅಂಗಡಿ ಸಿಕ್ಕೀತೇ ಎಂದು ನನ್ನನ್ನು ಕೇಳಬೇಡಿ. ಹುಚ್ಚನ್ನು ತೂಗುವ ತಕ್ಕಡಿ ಯಾವ ಬಜಾರಿನಲ್ಲೂ ಇಲ್ಲ.

ಸುದ್ದಿ ಹಬ್ಬಿತು. ಪಕ್ಕದ ಪಾತ್ರೆ ಅಂಗಡಿಯ ಶಿವಪುತ್ರ ಮೆಟ್ಟಿಲ ಕೆಳಗೆ ತಲೆ ಹಾಕಿದ.

"ಏನಪಾ ಮೌನೇಶಿ, ಯಾವನೋ ಕಮ್ಮಾರ ಸುತ್ತಿಗಿಲೆ ಬಡದ ರೂಪಾಯಿ ಕೊಟ್ಟು ಅಂಗಡಿ ಹೊಡಿಯಾಕ ಹೊಂಟೀಯಂತ? ನಾಳೆ ಅದು ಖೊಟ್ಟಿ ಅಂತ ಗೊತ್ತಾದ್ರ ಸಾವಕಾರ ನಿನ್ನ ಕುಲುಮಿ ಸಮೇತ ಬೀದಿಗೆ ಒಗಿತಾನ ನೋಡು!"

ಶಿವಪುತ್ರ ನಕ್ಕು ತನ್ನ ಪಾತ್ರೆಗಳ ಕಡೆ ಹೋದ. ಅವನಿಗೆ ಅದು ಚಹಾ ಕುಡಿಯುವ ಮೊದಲಿನ ಒಂದು ತಮಾಷೆ. ಮೌನೇಶಪ್ಪನ ಎದೆಯಲ್ಲಿ ಅದು ಮುಳ್ಳಾಗಿ ಕುಳಿತಿತು.

ಅವನು ನಾಣ್ಯವನ್ನು ತಾನೇ ತೂಗಿದ. ಸರಿಯಿತ್ತು. ಭೂತಗನ್ನಡಿ ಹಿಡಿದು ನೋಡಿದ. ಸಾವಕಾರ ಹೇಳಿದ ಹಾಗೆಯೇ ಇತ್ತು. ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ಡಬ್ಬಿಯಲ್ಲಿಟ್ಟು ಉಂಡು ಮಲಗುತ್ತಿದ್ದರು. ಆದರೆ ಇವನು ಪತ್ತಾರ. ಹೆತ್ತ ತಂದೆ ತಂದ ಬಂಗಾರವನ್ನೂ ಒರೆಗೆ ಹಚ್ಚದೆ ಕೊಳ್ಳಬಾರದು ಎಂದು ಹೆತ್ತ ತಂದೆಯೇ ಅವನಿಗೆ ಕಲಿಸಿದ್ದ. ಮೌನೇಶಪ್ಪ ಒರೆಗಲ್ಲು ತೆಗೆದ.

"ಹೆಂಗ ಐತೋ ಹಂಗ ಇಡ್ರಿ ಅಂದಾರಲ್ರಿ ಸಾವಕಾರ್ರು?" ಅಂದಳು ಕಾಳವ್ವ.

"ಒಂದು ಗೆರಿ ಎಳದ್ರ ಏನಾಕ್ಕೈತಿ? ಬಂಗಾರಕ್ಕ ಏನರ ಆಗೈತೇನು ಇಲ್ಲೀತನಕ?"

"ಇದು ಬಂಗಾರ ಅಲ್ಲಲ್ರಿ."

"ಅದಕ್ಕs ಇನ್ನೂ ಚಲೋತ್ನಾಗಿ ನೋಡಬೇಕು."

ಬೋಳು ಭಾಗವನ್ನು ಕಲ್ಲಿಗೆ ಉಜ್ಜಿ ಗೆರೆ ಎಳೆದ. ಪಕ್ಕದಲ್ಲಿ ಒಳ್ಳೆಯ ರೂಪಾಯಿಯ ಗೆರೆ ಎಳೆದ. ಎರಡರ ಮೇಲೂ ಆಸಿಡ್ ಬಿಟ್ಟ. ಎರಡೂ ಒಂದೇ ಬಣ್ಣಕ್ಕೆ ತಿರುಗಿದವು. ಸಂತೋಷವಾಯಿತು. ಸಂತೋಷದ ಹಿಂದೆಯೇ ಇನ್ನೊಂದು ಸಂಶಯ ಬಂತು. ಮೇಲೆ ಬರೀ ಲೇಪವಿದ್ದರೆ? ಅರ ತೆಗೆದು ಅಂಚಿನಲ್ಲಿ ಸ್ವಲ್ಪ ಕೊರೆದ. ಒಳಗೂ ಅದೇ ಲೋಹ. ಹಾಗಾದರೆ ಕಮ್ಮಾರ ಬಡಿದದ್ದಾದರೆ? ಬಡಿದದ್ದು ಕಾಸಿದರೆ ಬಿರಿಯಲೇಬೇಕು ಎಂದು ತನಗೆ ತಾನೇ ಹೇಳಿಕೊಂಡು ಕುಲುಮೆಯಲ್ಲಿ ಕೆಂಪಗೆ ಕಾಸಿದ. ಬಿರಿಯಲಿಲ್ಲ. ಕಪ್ಪಾಯಿತು, ಅಷ್ಟೆ. ಕಪ್ಪಾದದ್ದನ್ನು ಅಂಟವಾಳದ ನೀರಿನಲ್ಲಿ ಕುದಿಸಿ, ಬ್ರಶ್ಶಿನಿಂದ ತಿಕ್ಕಿ, ಮದುವೆಯ ಉಂಗುರದ ಹಾಗೆ ಹೊಳೆಯಿಸಿದ.

ಎಲ್ಲ ಪರೀಕ್ಷೆಯಲ್ಲೂ ರೂಪಾಯಿ ಪಾಸಾಯಿತು. ಮೌನೇಶಪ್ಪ ಅದನ್ನು ಡಬ್ಬಿಯಲ್ಲಿಟ್ಟು ನೆಮ್ಮದಿಯಿಂದ ನಿದ್ದೆ ಹೋದ.

ಐತವಾರ ಸಾವಕಾರ ಬಂದ. ಕೀಲಿ ಕೈಯಲ್ಲೇ ಇತ್ತು. ಬಗ್ಗಿ ಒಳಗೆ ಬಂದು ಡಬ್ಬಿ ತೆರೆದ. ಭೂತಗನ್ನಡಿ ಜೇಬಿನಿಂದ ಹೊರಗೇ ಬರಲಿಲ್ಲ.

"ಯಾರು ಮಾಡಿದ್ರು ಇದನ್ನ?"

"ನಾನs ರೀ. ಒರಿ ಹಚ್ಚಿದೆ, ಅರ ಹಾಕಿದೆ, ಕಾಸಿ ನೋಡಿದೆ. ಇನ್ನ ಬ್ರಹ್ಮ ಬಂದ್ರೂ ಸಂಶಯ ಪಡೂಹಂಗಿಲ್ಲ. ಖರೇ ಐತ್ರೀ!"

"ಖರೇ ಐತಿ ಅಂತ ನಾ ಅವತ್ತs ಹೇಳಿದ್ನಲ್ಲ."

"ನಿಮ್ಮ ಮಾತಿಗೆ ಆಧಾರ ಇರಲಿ ಅಂತ…"

ಸಾವಕಾರ ಡಬ್ಬಿ ಮುಚ್ಚಿದ. "ಪತ್ತಾರ್ರ, ಟಂಕಸಾಲಿಯವರು ಮಾಡಿದ ತಪ್ಪಿಗೆ ಬೆಲಿ ಐತಿ. ನೀವು ಮಾಡಿದ ತಪ್ಪಿಗೆ ಇಲ್ಲ. ಈಗ ಇದರ ಮ್ಯಾಲೆ ಅವರ ತಪ್ಪು ಯಾವುದು, ನಿಮ್ಮದು ಯಾವುದು ಅಂತ ನಾನು ಯಾರಿಗೆ ತಿಳಿಸಿ ಹೇಳಲಿ?"

"ಆದ್ರ ಖರೇ ಅಂತೂ ಹೌದಲ್ರೀ?"

"ಹೌದು. ಖರೇ ಒಂದು ರೂಪಾಯಿ."

ಕೀಲಿ ಬಂದ ಹಾಗೆ ಹೋಯಿತು. ಮುಂದಿನ ವಾರ ಎದುರಿನ ಅಂಗಡಿಯಲ್ಲಿ ಯಾರೋ ಚಪ್ಪಲಿ ಮಾರತೊಡಗಿದರು. ಅವರು ಸಾವಕಾರನಿಗೆ ಯಾವ ನಾಣ್ಯ ಕೊಟ್ಟರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಖಂಡಿತ ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನೇ ಇಷ್ಟು ಹೇಳಿರುವಾಗ.

"ಇನ್ನ ಅದನ್ನ ಎದಿಗೆ ಅವಚಿಕೊಂಡು ಯಾಕ ಕುಂತೀರಿ?" ಅಂದಳು ಕಾಳವ್ವ. "ಹೋಗ್ರಿ, ಒಂದು ಲಿಂಬಿಹಣ್ಣರ ತಗೊಂಡು ಬರ್ರಿ."

ಮೌನೇಶಪ್ಪ ಹೋದ. ಲಿಂಬೆಹಣ್ಣು ಮಾರುವವಳು ರೂಪಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಉಜ್ಜಿದ ಗೆರೆ, ಕೊರೆದ ಅಂಚು, ಇರಬಾರದ ಹೊಳಪು, ಅರ್ಧ ಸಿಂಹ. ತಿರುಗಿ ಅವನ ಅಂಗೈಯಲ್ಲೇ ಇಟ್ಟಳು.

"ಯಣ್ಣಾ, ಇದು ಖೊಟ್ಟಿ ಐತಿ. ಚಲೋದು ಕೊಡು."

ನೀತಿ, ಹೇಳದೆ ಬಿಟ್ಟರೆ ನಿಮಗೆ ಸಮಾಧಾನವಾಗದು, ಅದಕ್ಕೆ ಹೇಳುತ್ತೇನೆ: ಸಂಶಯಕ್ಕೆ ಉತ್ತರ ಸಿಕ್ಕ ಮೇಲೆ ಪರೀಕ್ಷೆ ನಿಲ್ಲಿಸಬೇಕು, ಆಮೇಲೆ ಮಾಡುವುದೆಲ್ಲ ಹಾನಿಯ ಲೆಕ್ಕಕ್ಕೆ. ಮನುಷ್ಯರ ವಿಷಯವೂ ಇಷ್ಟೇ. ಖರೇ ಇದ್ದವರನ್ನು ಮತ್ತೆ ಮತ್ತೆ ಉಜ್ಜಿ, ಕೊರೆದು, ಕಾಸಿ ನೋಡಿದರೆ ಅವರು ಖರೇ ಎಂಬುದು ಕೊನೆಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಅವರು ನಮ್ಮವರಾಗಿ ಉಳಿದಿರುವುದಿಲ್ಲ.