ಬಾಗಿಲು ಕಾದ ಗೊಂಬೆಗಳು

"ಬುದ್ಧಿ, ನಾನು ಹೀಗಿದ್ದುದರಿಂದ ಇವನ್ನೆಲ್ಲ ಓದಿದೆನೋ, ಓದಿದ್ದರಿಂದ ಹೀಗಾದೆನೋ?"

ಕೇಳಿದವನು ಕೊಟ್ರಯ್ಯ, ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಒಳಗೆ ಬಂದು ಕೇಳಲಿಲ್ಲ, ಹೊಸ್ತಿಲಾಚೆ ನಿಂತೇ ಕೇಳಿದ. ಕೈಯಲ್ಲಿ ಮಠದ ಭಂಡಾರದಿಂದ ತಂದ ಪುಸ್ತಕಗಳಿದ್ದವು.

"ಏನು ಓದಿದೆ?" ಎಂದರು ಗುರುಗಳು.

"ಗಂಡಸನ್ನು ಪ್ರೀತಿಸಿದ ಗಂಡಸರ ಚರಿತ್ರೆ ಓದಿದೆ. ಹಿಂದೆಯೂ ಇದ್ದರಂತೆ, ಎಲ್ಲ ದೇಶದಲ್ಲೂ ಇದ್ದರಂತೆ. ಅಂಥವರ ಕಾದಂಬರಿಗಳನ್ನೂ ಓದಿದೆ. ಓದ್ತಾ ಓದ್ತಾ, ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ಜೊತೆಯವರು ಮಾತ್ರ, ನೀನು ಮೊದಲು ಸರಿಯಾಗಿದ್ದೆ, ಪುಸ್ತಕ ಓದಿ ತಲೆ ಕೆಡಿಸಿಕೊಂಡೆ ಅಂತಾರೆ. ಇವನ್ನು ವಾಪಸು ಕೊಟ್ಟುಬಿಟ್ಟರೆ ನಾನು ಮೊದಲಿನ ಹಾಗೆ ಆಗ್ತೀನಾ, ಬುದ್ಧಿ?"

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಅವನ ಮೇಳದಲ್ಲಿ ಒಬ್ಬ ಮದ್ದಳೆಗಾರನಿದ್ದ. ಪರದೆಯ ಹಿಂದೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಎಷ್ಟೋ ವರ್ಷ ಆಟ ನಡೆಸಿದ್ದರು. ಗೊಂಬೆಯವನ ಕೈ ಏಳುವ ಮೊದಲೇ ಮದ್ದಳೆಗೆ ಗೊತ್ತಾಗಿಬಿಡುತ್ತಿತ್ತು. ಕಂಡವರು ಅದಕ್ಕೆ ಅಭ್ಯಾಸಬಲ ಎನ್ನುತ್ತಿದ್ದರು. ಜನ ಎಲ್ಲದಕ್ಕೂ ಒಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಅಭ್ಯಾಸವಲ್ಲ, ಪ್ರೀತಿ ಎಂದು ಗೊಂಬೆಯವನಿಗೆ ಗೊತ್ತಿತ್ತು. ಮದ್ದಳೆಗಾರನಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಗೊಂಬೆಯವನಿಗೆ ಭಯ. ಅವನ ಪೆಟ್ಟಿಗೆಯಲ್ಲಿ ರಾಜ ರಾಣಿಯರ ಪ್ರೀತಿಯಿತ್ತು, ದೇವ ದೇವಿಯರ ಪ್ರೀತಿಯಿತ್ತು. ಕೊನೆಗೆ ಕೋಡಂಗಿಗೂ ಅವನ ಹೆಂಡತಿಗೂ ಆಗುವ ಜಗಳಕ್ಕೆ ಸಹ ಒಂದು ಆಟವಿತ್ತು. ತನ್ನಂಥವನಿಗೆ ಮಾತ್ರ ಒಂದೇ ಒಂದು ಗೊಂಬೆಯಿರಲಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿ ಬೆಳೆದವನು ಅವನು. ಹಾಗಿದ್ದರೆ ಲೋಕದಲ್ಲಿ ಇಂಥ ಆಸೆ ಹುಟ್ಟಿದ್ದು ತನ್ನಲ್ಲೇ ಮೊದಲು, ಎಲ್ಲೋ ಏನೋ ತಪ್ಪಿ ಹುಟ್ಟಿದೆ ಎಂದುಕೊಂಡ. ಒಳಗೊಳಗೇ ಬೆಂದ. ಕಡೆಗೊಂದು ದಿನ ಮದ್ದಳೆಗಾರನ ಮುಖ ನೋಡದೆ, "ನೀನು ಬೇರೆ ಮೇಳ ನೋಡಿಕೋ" ಎಂದುಬಿಟ್ಟ.

ಮದ್ದಳೆಗಾರ ಯಾಕೆಂದು ಕೇಳಲಿಲ್ಲ. "ಹೊಳೆಗೆ ಬಿಡೋ ಶಾಸ್ತ್ರ ಮುಗೀಲಿ, ಹೊರಡ್ತೀನಿ" ಎಂದ.

ಆ ಮನೆತನದವರು ಹಳೆಯ ಗೊಂಬೆಗಳನ್ನು ಎಸೆಯುತ್ತಿರಲಿಲ್ಲ, ಸುಡುತ್ತಿರಲಿಲ್ಲ. ಮನುಷ್ಯರು ಸತ್ತಾಗ ಮಾಡುವಂತೆ ಪೂಜೆ ಮಾಡಿ ಹೊಳೆಗೆ ಬಿಡುತ್ತಿದ್ದರು. ಬಿಡುವ ಮೊದಲು ಒಂದೊಂದು ಗೊಂಬೆಯನ್ನೂ ಎತ್ತಿ ಸೂರ್ಯನಿಗೆ ಹಿಡಿಯಬೇಕು. ಬದುಕೆಲ್ಲ ಎಣ್ಣೆದೀಪದ ಮುಂದೆ ಕುಣಿದ ಜೀವ, ಹೋಗುವ ಮುಂಚೆ ಒಮ್ಮೆಯಾದರೂ ಹಗಲು ನೋಡಲಿ ಎಂದು ಹಿರಿಯರು ಮಾಡಿಟ್ಟ ಕಟ್ಟಳೆ.

ಒಂದು ಬೆಳಗ್ಗೆ ಗೊಂಬೆಯವನು ಪೆಟ್ಟಿಗೆ ಹೊತ್ತು ಹೊಳೆಯ ದಂಡೆಗೆ ಬಂದ. ಅವನ ಅಜ್ಜಿ ಬಂದಳು. ಮೇಳಕ್ಕೆ ಹಾಡುತ್ತಿದ್ದವಳು, ಈಗ ಕಣ್ಣು ಮಂಜು. ಮದ್ದಳೆಗಾರನೂ ಬಂದ. ಗಂಟು ಮೂಟೆ ಕಟ್ಟಿಕೊಂಡೇ ಬಂದಿದ್ದ, ಮದ್ದಳೆ ಗವಸಿನೊಳಗಿತ್ತು.

ಹರಿದ ಆನೆ ಹೋಯಿತು. ಬಣ್ಣಗೆಟ್ಟ ರಾಕ್ಷಸ ಹೋದ. ಉಳಿದವು ಎರಡು ದ್ವಾರಪಾಲಕರ ಗೊಂಬೆಗಳು.

ಈ ಇಬ್ಬರನ್ನು ಯಾರೂ ಆಡಿಸುತ್ತಿರಲಿಲ್ಲ. ಆಟ ಶುರುವಾಗುವಾಗ ಒಬ್ಬನನ್ನು ಪರದೆಯ ಎಡದಂಚಿಗೆ, ಇನ್ನೊಬ್ಬನನ್ನು ಬಲದಂಚಿಗೆ ಸಿಕ್ಕಿಸಿದರೆ ಮುಗಿಯಿತು. ಬೆಳಗಾಗುವ ತನಕ ಅಲ್ಲೇ ನಿಂತಿರುತ್ತಿದ್ದರು. ನಡುವೆ ರಾಜ್ಯಗಳು ಹುಟ್ಟಿ ಮುಳುಗಿದರೂ ಅವರು ಕದಲುವಂತಿಲ್ಲ. ಪೆಟ್ಟಿಗೆಯಲ್ಲೂ ಅಷ್ಟೇ. ಒಬ್ಬ ಎಲ್ಲಕ್ಕಿಂತ ಕೆಳಗೆ ಮಲಗಬೇಕು, ಇನ್ನೊಬ್ಬ ಎಲ್ಲಕ್ಕಿಂತ ಮೇಲೆ. ಹೀಗಾಗಿ ಗೊಂಬೆಯವನು ಈ ಇಬ್ಬರನ್ನೂ ಒಟ್ಟಿಗೆ ಹಿಡಿದದ್ದೇ ಇಲ್ಲ. ಅವನ ಅಪ್ಪನೂ ಹಿಡಿದಿರಲಿಲ್ಲ.

ಹೊತ್ತಾಗುತ್ತಿತ್ತು. ಮದ್ದಳೆಗಾರನ ಎದುರು ನಿಂತಿರುವುದೇ ಕಷ್ಟವಾಗಿ, ಬೇಗ ಮುಗಿದರೆ ಸಾಕೆಂದು ಗೊಂಬೆಯವನು ಇಬ್ಬರನ್ನೂ ಒಟ್ಟಿಗೇ ಎತ್ತಿದ. ಎಡಗೈಯಲ್ಲಿ ಒಬ್ಬ, ಬಲಗೈಯಲ್ಲಿ ಒಬ್ಬ. ಬಿಸಿಲು ತೊಗಲಿನೊಳಗೆ ಹಾಯ್ದಿತು.

ಇಲ್ಲಿ ನಿನಗೊಂದು ಮಾತು ಗೊತ್ತಿರಬೇಕು. ಆ ಮನೆತನದಲ್ಲಿ ಗಂಡ ಹೆಂಡಿರ ಗೊಂಬೆಗಳನ್ನು ಬೇರೆ ಬೇರೆ ತೊಗಲಿನಲ್ಲಿ ಮಾಡುತ್ತಿರಲಿಲ್ಲ. ಒಂದೇ ತೊಗಲನ್ನು ಹರಡಿ, ಭುಜಕ್ಕೆ ಭುಜ ತಾಗುವಂತೆ ಬರೆದು, ಆಮೇಲೆ ನಡುವೆ ಕತ್ತರಿಸುತ್ತಿದ್ದರು. ಬೆಳಕಿಗೆ ಹಿಡಿದರೆ ತೊಗಲಿನ ನರದ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿಯುತ್ತವೆ. ಯಾರ ಜೋಡಿ ಯಾರು ಎಂದು ತಿಳಿಯಲು ಮೇಳದವರಿಗೆ ಅದೇ ಗುರುತು. ಗೊಂಬೆಯವನು ಕೂಸಾಗಿದ್ದಾಗಿನಿಂದ ಆ ಗುರುತು ನೋಡುತ್ತ ಬೆಳೆದವನು.

ಈಗ ಅವನ ಕಣ್ಣೆದುರಿಗೆ ಎಡಗೈಯವನ ಭುಜದಿಂದ ಹೊರಟ ನರ ಬಲಗೈಯವನ ಭುಜಕ್ಕೆ ಹರಿದಿತ್ತು. ಒಂದಲ್ಲ, ಎಲ್ಲ ನರಗಳೂ ಹಾಗೇ ಸಾಗಿದ್ದವು.

ತಪ್ಪು ನೋಡಿರಬೇಕೆಂದು ಕಣ್ಣುಜ್ಜಿಕೊಂಡು ಮತ್ತೆ ಹಿಡಿದ. ಇಬ್ಬರಿಗೂ ಮೀಸೆ, ಇಬ್ಬರ ಸೊಂಟದಲ್ಲೂ ಕತ್ತಿ. ಆದರೂ ಒಂದೇ ತೊಗಲು.

ಆಮೇಲೆ ಒಂದೊಂದೇ ಕಾಣತೊಡಗಿತು. ಬಾಗಿಲಲ್ಲಿ ಸುಮ್ಮನೆ ನಿಲ್ಲುವವನಿಗೆ ತೋಳಿಗೂ ಮೊಣಕೈಗೂ ಕೀಲು ಯಾಕೆ? ಎಂದೂ ಕದಲದವನ ಕೀಲಿನ ತೂತು ಇಷ್ಟು ಅಗಲ ಸವೆದದ್ದು ಹೇಗೆ? ಒಬ್ಬನ ಅಂಗೈಯಲ್ಲಿ ಬಣ್ಣವಿರಲಿಲ್ಲ. ಇನ್ನೊಬ್ಬನ ಕೆನ್ನೆಯಲ್ಲಿ ಬಣ್ಣವಿರಲಿಲ್ಲ. ಗೊಂಬೆಯವನು ತೋಳಿಗೆ ಕಟ್ಟಿದ ಕಡ್ಡಿ ಎತ್ತಿದ. ಅಂಗೈ ಹೋಗಿ ನೇರವಾಗಿ ಆ ಕೆನ್ನೆಯ ಮೇಲೆ ಕೂತಿತು. ಎಷ್ಟೋ ಕಾಲ ತಪ್ಪಿಸಿಕೊಂಡಿದ್ದವನು ಮನೆಗೆ ಬಂದಂತೆ ಕೂತಿತು.

"ಅಜ್ಜೀ, ಇವರು ಯಾರು?" ಎಂದ.

ಅಜ್ಜಿ ಬೆರಳಿನಿಂದ ತಡವಿ ನೋಡಿದಳು. ಕೆನ್ನೆ ಸಿಕ್ಕಿತು, ಅಂಗೈ ಸಿಕ್ಕಿತು. ಅವಳ ಮುಖವೇ ಬೇರೆಯಾಯಿತು.

"ಇವರು ಬಾಗಿಲು ಕಾಯೋರಲ್ಲ ಕಣೋ ಮಗಾ. ಇವನು ಅರಸು, ಇವನು ಅವನ ಕುದುರೆ ಸವಾರ. ನಮ್ಮತ್ತೆ ಹಾಡ್ತಿದ್ಲು. ಸವಾರ ದಂಡಿಗೆ ಹೋಗಿ ಬರೋ ತನಕ ಅರಸು ಕೋಟೆ ಮೇಲೆ ದೀಪ ಆರೋಕೆ ಬಿಡಲಿಲ್ಲ. ಬಂದ ದಿನ ಗದ್ದುಗೆ ಇಳಿದು, ಸಭೆ ಮುಂದೇನೇ ಅವನ ಕೆನ್ನೆ ಮುಟ್ಟಿದ. ಆ ಘಳಿಗೆಗೆ ಹೆಂಗಸರು ಗಂಡಸರು ಅನ್ನದೆ ಎಲ್ಲಾ ಕಣ್ಣೊರೆಸಿಕೊಳ್ಳೋರು. ಇನ್ನೊಂದು ಸಲ ಮುಟ್ಟಿಸು ಅಂತ ಕೂಗೋರು."

"ಮತ್ತೆ ಆ ಆಟ ನಿಂತದ್ದು ಯಾಕೆ?"

"ಒಂದೂರಲ್ಲಿ ಯಾರೋ ದೊಡ್ಡ ಮನುಷ್ಯ ನಡುವೆ ಎದ್ದು ಹೋದ. ನಿಮ್ಮಜ್ಜ ಹೆದರಿಕೊಂಡ. ಸುಡೋಕೆ ಅವನಿಗೆ ಕೈ ಬರಲಿಲ್ಲ, ಆಡಿಸೋಕೆ ಎದೆ ಬರಲಿಲ್ಲ. ದೂರ ದೂರ ಮಾಡಿ ಬಾಗಿಲಲ್ಲಿ ನಿಲ್ಲಿಸಿಬಿಟ್ಟ. ನಾನೂ ಸುಮ್ಮನಾದೆ."

ಗೊಂಬೆಯವನು ಮರಳಿನ ಮೇಲೆ ಕುಳಿತುಬಿಟ್ಟ. ಮುಟ್ಟಿ ಮುಟ್ಟಿ ತೊಗಲಿನ ಬಣ್ಣ ಸವೆಯಬೇಕಾದರೆ ಎಷ್ಟು ಊರುಗಳಲ್ಲಿ ಮುಟ್ಟಿಸಿರಬೇಕು! ಎಷ್ಟು ಜನ ಉಸಿರು ಬಿಗಿಹಿಡಿದು ನೋಡಿರಬೇಕು! ಆ ಜನರ ನಡುವೆ ತನ್ನಂಥವನೊಬ್ಬ, ಮದ್ದಳೆಗಾರನಂಥವನು ಇನ್ನೊಬ್ಬ, ಕತ್ತಲಲ್ಲಿ ಕುಳಿತು ಅತ್ತಿರಬೇಕಲ್ಲ. ಮುಟ್ಟಿಸಿದ ಕೈಗಳು ಬೇರೆ ಯಾರವೂ ಅಲ್ಲ, ತನ್ನದೇ ಮನೆಯವರವು. ತಾನು ಮೊದಲಿನವನಲ್ಲ. ಅಷ್ಟು ಜನ ಬಂದುಹೋದ ಮೇಲೆ ಬಂದವನು. ಬಂದು ಏನು ಮಾಡಲು ಹೊರಟದ್ದು? ಇವರನ್ನು ನೀರಿಗೆ ಬಿಡಲು! ಅವನು ಗೊಂಬೆಗಳನ್ನು ಎದೆಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ದುಃಖಕ್ಕೆ ಅತ್ತದ್ದಲ್ಲ. ಅಷ್ಟು ದೊಡ್ಡದನ್ನು ಒಮ್ಮೆಗೇ ಕಂಡರೆ ಯಾರಿಗಾದರೂ ಅಳು ಬರುತ್ತದೆ.

ಅತ್ತು ಮುಗಿದ ಮೇಲೆ ಮದ್ದಳೆಗಾರನ ಕಡೆ ತಿರುಗಿದ. ಬಹಳ ದಿನದ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದ.

"ಹೋಗಬೇಡ. ಈ ಆಟಕ್ಕೆ ಮದ್ದಳೆ ಬೇಕು" ಎಂದ.

"ಯಾವ ತಾಳ?" ಎಂದ ಮದ್ದಳೆಗಾರ.

ಇಬ್ಬರಿಗೂ ಗೊತ್ತಿರಲಿಲ್ಲ. ಆಗ ಅಜ್ಜಿ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿದಳು. ಮೊದಲು ತಡವರಿಸಿದಳು, ಆಮೇಲೆ ಕೈ ತಾನಾಗಿ ನಡೆಯಿತು. ಮದ್ದಳೆಗಾರ ಸ್ವಲ್ಪ ಹೊತ್ತು ಕೇಳಿದ. ಗಂಟು ಕೆಳಗಿಟ್ಟ. ಮದ್ದಳೆಯನ್ನು ಗವಸಿನಿಂದ ತೆಗೆದು ಗೊಂಬೆಯವನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತ. ಅವತ್ತು ಪರದೆಯಿರಲಿಲ್ಲ, ಅಡಗಿ ಕೂರುವ ಅಗತ್ಯವೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯ ಪುಸ್ತಕಗಳನ್ನು ಎದೆಗೆ ಅವುಚಿಕೊಂಡಿದ್ದ. ಯಾವಾಗ ಅವುಚಿಕೊಂಡನೋ ಅವನಿಗೇ ತಿಳಿಯದು. ಆದರೂ ಕೇಳಬೇಕಾದ್ದನ್ನು ಬಿಡಲಿಲ್ಲ.

"ಗೊಂಬೆ ನೋಡಿದ ಮೇಲೆ ಅವನು ಬೇರೆಯವನೇ ಆದನಲ್ಲ ಬುದ್ಧಿ. ಹಾಗಿದ್ದರೆ ಅವನು ಹಾಗಾದದ್ದು ನೋಡಿದ್ದರಿಂದಲೇ ತಾನೇ?"

ಗುರುಗಳು ಅವನ ಕಾಲು ನಿಂತ ಜಾಗವನ್ನು ನೋಡಿ ಹೇಳಿದರು:

"ಆ ನರಗಳನ್ನು ಬಿಸಿಲು ಬರೆಯಲಿಲ್ಲಪ್ಪಾ, ಮೊದಲೇ ಇದ್ದವನ್ನು ತೋರಿಸಿ, ಬಾಗಿಲಲ್ಲಿ ನಿಂತಿದ್ದವರನ್ನು ಒಳಕ್ಕೆ ಕರೆಯಿತು ಅಷ್ಟೇ, ನೀನೂ ಹೊಸ್ತಿಲು ದಾಟಿ ಬಾ."

ಕೊಟ್ರಯ್ಯ ಪುಸ್ತಕಗಳ ಸಮೇತ ಒಳಗೆ ಬಂದ.