ಮೂರು ಚುಕ್ಕಿಯ ರವಿಕೆ

"ಗುರುಗಳೇ, ನಾನು ಕಟ್ಟಿದ ವೆಬ್‌ಸೈಟಿನಲ್ಲಿ ಗ್ರಾಹಕರದೊಂದು ಪಟ್ಟಿ, ಅವರ ಆರ್ಡರುಗಳದೊಂದು ಪಟ್ಟಿ. ಡೇಟಾಬೇಸಿನೊಳಗೆ ಫಾರಿನ್ ಕೀ ಎಂಬುದೊಂದು ಇವೆರಡನ್ನೂ ಕಟ್ಟಿಹಾಕಿದೆ. ಆರ್ಡರು ಇರುವ ಗ್ರಾಹಕನನ್ನು ಅಳಿಸಹೋದರೆ ಬಿಡುವುದೇ ಇಲ್ಲ. ಅದನ್ನೆಲ್ಲ ನೋಡಿಕೊಳ್ಳಲು ನನ್ನ ಪ್ರೋಗ್ರಾಮ್ ಇದೆಯಲ್ಲ, ಈ ಕಟ್ಟು ಕಿತ್ತುಹಾಕಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮಡಿವಾಳನಿದ್ದ. ಮನೆಗೊಂದು ಗುರುತು ಮಾಡಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡುತ್ತಿದ್ದ. ಅದೇ ಗುರುತನ್ನು ಆ ಮನೆಯ ಬಟ್ಟೆಗಳ ಮೂಲೆಗೆ ಮಸಿಯಲ್ಲಿ ಹಾಕುತ್ತಿದ್ದ. ಮೂರು ಚುಕ್ಕಿ ಎಂದರೆ ಒಬ್ಬ ವ್ಯಾಪಾರಿಯ ಮನೆ. ವ್ಯಾಪಾರಿ ಮನೆ ಬದಲಿಸಿ ಬೇರೆ ಕೇರಿಗೆ ಹೋದ. ಮಡಿವಾಳ ಅಂದೇ ಗೋಡೆಯ ಚುಕ್ಕಿಗಳನ್ನು ಒರೆಸಿದ. ವ್ಯಾಪಾರಿಯ ಹೆಂಡತಿಯ ಕೆಂಪು ರವಿಕೆಯೊಂದು ಇಸ್ತ್ರಿಯಾಗಿ ಹಲಗೆಯ ಮೇಲೆ ಉಳಿದಿತ್ತು. ತನಗೆ ನೆನಪಿದೆಯಲ್ಲ, ಮತ್ತೇನು ಎಂದುಕೊಂಡ. ಮಾರನೆಯ ದಿನ ಹೊಸದಾಗಿ ಮದುವೆಯಾದ ಮೇಷ್ಟರೊಬ್ಬರು ಬಂದರು. ಖಾಲಿಯಿದ್ದ ಮೂರು ಚುಕ್ಕಿ ಅವರ ಪಾಲಾಯಿತು.

ವಾರದ ಮೇಲೆ ಮೇಷ್ಟರ ಹೆಂಡತಿ ಗಂಟು ಬಿಚ್ಚಿದಳು. ಗಂಡನ ಅಂಗಿಗಳ ನಡುವೆ ಕೆಂಪು ರವಿಕೆ! ಅವಳಂಥ ಇಬ್ಬರು ಹಿಡಿಸುವಷ್ಟು ದೊಡ್ಡದು. ಇನ್ನು ಕೇಳಬೇಕೆ? ನಲ್ಲಿಯಡಿ ಕೊಡ ತುಂಬುವುದರೊಳಗೆ ಬೀದಿಯ ಹೆಂಗಸರು ಆ ರವಿಕೆಗೆ ನಾಲ್ಕು ಮೈ ಹುಡುಕಿಕೊಟ್ಟಿದ್ದರು. ಹುಡುಗಿ ಟ್ರಂಕು ತುಂಬಿಕೊಂಡು ತವರಿಗೆ ಹೊರಟು ನಿಂತಳು.

ಸುದ್ದಿ ಮಡಿವಾಳನ ಕಿವಿಗೆ ಬಿತ್ತು. "ಅದು ವ್ಯಾಪಾರಿ ಮನೇದು ಅಂತ ನನಗೆ ಗೊತ್ತಿತ್ತಲ್ಲೇ!" ಎಂದು ಹೆಂಡತಿಯ ಮೇಲೆ ಹಾರಾಡಿದ.

"ನಿಮಗೆ ಗೊತ್ತಿತ್ತು. ಮೂರು ಚುಕ್ಕಿ ನೋಡಿ ಗಂಟು ಕಟ್ಟಿದವಳು ನಾನು. ನಿಮ್ಮ ತಲೆ ನನ್ನ ಕತ್ತಿನ ಮೇಲಿತ್ತೇನು?" ಎಂದಳು ಅವಳು.

ಮಡಿವಾಳ ಓಡಿಹೋಗಿ ವ್ಯಾಪಾರಿಯ ಹೆಂಡತಿಯನ್ನು ಕರೆತಂದ. ಅವಳು ಬೀದಿಗೆಲ್ಲ ಕೇಳುವಂತೆ ಬೈಯುತ್ತ ಬಂದು, ರವಿಕೆಯನ್ನು ಮೈಗೆ ಹಿಡಿದು ತೋರಿಸಿದಳು. ಸರಿಯಾಗಿ ಕೂತಿತು. ಹುಡುಗಿ ನಕ್ಕಳು, ಟ್ರಂಕು ಒಳಗೆ ಹೋಯಿತು. ನಲ್ಲಿಯ ಬಳಿ ಮಾತ್ರ ಎರಡು ದಿನ ಎಲ್ಲರ ಮುಖವೂ ಸಪ್ಪಗಿತ್ತು.

ಮಡಿವಾಳನ ಹೆಂಡತಿ ಗೋಡೆಯ ಗುರುತುಗಳನ್ನೆಲ್ಲ ಬಳಿದುಹಾಕಿ ಅಲ್ಲೇ ಮನೆಗೊಂದರಂತೆ ಗೂಟ ಹೊಡೆಸಿದಳು. ಗುರುತು ಗೂಟದ ಮೇಲೆ. ಇಸ್ತ್ರಿಯಾದ ಬಟ್ಟೆಯ ಗಂಟನ್ನು ಆ ಗೂಟಕ್ಕೂ ಗೋಡೆಯ ಕೊಂಡಿಗೂ ಸೇರಿಸಿ ಬಿಗಿದಳು. ಗಂಟು ಬಿಚ್ಚದೆ ಗೂಟ ಕಿತ್ತುಬರುತ್ತಿರಲಿಲ್ಲ. ಗೂಟವಿಲ್ಲದ ಮನೆಯ ಬಟ್ಟೆ ಬಾಗಿಲಲ್ಲೇ ವಾಪಸು.

ಮುಂದೆ ಇನ್ನೊಂದು ಮನೆಯವರು ಊರು ಬಿಟ್ಟರು. ಅಂದು ಅಲ್ಲಿದ್ದವನು ಮಡಿವಾಳನ ಭಾವಮೈದುನ. ಶುದ್ಧ ಮೈಗಳ್ಳ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿಲ್ಲದವನು. ಆ ಮನೆಯ ಗೂಟ ಕೀಳಲು ಎಳೆದ, ಬರಲಿಲ್ಲ. ಕಣ್ಣುಬಿಟ್ಟು ನೋಡಿದರೆ ಕೂಸಿನ ಕುಲಾವಿಯೊಂದು ಕಟ್ಟಿತ್ತು. ಆ ಮನೆಯವರ ಗಾಡಿ ಹೊರಡುವ ಮೊದಲೇ ಓಡಿಹೋಗಿ ಕೊಟ್ಟುಬಂದ. ಆಮೇಲೆ ಎಳೆದ, ಗೂಟ ಬಂತು.

"ನಾನು ಅಂಥ ಮೈಗಳ್ಳನಲ್ಲ ಗುರುಗಳೇ, ಬಹಳ ಎಚ್ಚರದವನು" ಎಂದ ಶಿಷ್ಯ.

"ಹೌದಪ್ಪ, ಆದರೆ ನೀನು ರಜೆ ಹಾಕಿದ ದಿನ ನಿನ್ನ ಎಚ್ಚರವೂ ನಿನ್ನ ಜೊತೆಗೇ ಬಸ್ಸು ಹತ್ತಿಬಿಡುತ್ತದಲ್ಲ?" ಎಂದರು ಗುರುಗಳು.